ರೆಕ್ಕೆ ಮೇಲೆ ಒಂದು ಹೆಸರು, ಪಿಎಫ್ ಚೀಟಿ ಮೇಲೆ ಇನ್ನೊಂದು

ಇದು ಉದ್ದದ ಪೋಸ್ಟ್. ಪುರಸೊತ್ತು ಇದ್ದಾಗ ಓದಿ. ಬೈಯುವುದಾದರೂ ಪೂರ್ತಿ ಓದಿ ಬೈಯಿರಿ.

ಕುಮಟಾದಲ್ಲಿ ನಮ್ಮ ತಿಂಗಳ ಸಭೆ ಮುಗಿದು ಎಲ್ಲರೂ ಚಾ ಕುಡೀತಾ ನಿಂತಿದ್ದಾಗ ಡಿಗ್ರಿ ಓದುವ ಹುಡುಗನೊಬ್ಬ ಕೇಳಿದ: "ಸಣ್ಣ ಸಣ್ಣ ವಿಮಾನ ಕಂಪನಿ ಎಲ್ಲ ಒಂದೊಂದೇ ಮುಚ್ಚಿ ಹೋಗ್ತಾ ಇದ್ದಾವಲ್ಲ ಅಣ್ಣಾ, ಎಲ್ಲರೂ ಸೇರಿ ಒಂದೇ ಹೆಸರಲ್ಲಿ, ಒಂದೇ ಬ್ರ್ಯಾಂಡಲ್ಲಿ ಎಂತಕ್ಕೆ ಹಾರ್ಸೂದಿಲ್ಲ?" ಪಕ್ಕದಲ್ಲಿದ್ದ ಹಿರಿಯರು ನಕ್ಕರು. "ನಮ್ಮ ಕೇರಿಗೆ ಮಳೆಗಾಲದಲ್ಲಿ ಹೋಗೂಕೆ ರಸ್ತೆ ಇಲ್ಲ, ನಿಂದು ಎಂತ ವಿಮಾನವೋ ಮಾರಾಯಾ!" ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಹುಡುಗನ ಪ್ರಶ್ನೆ ನಗುವಂಥದ್ದಲ್ಲ. ವಿಮಾನ ಹತ್ತದವರಿಗೂ ವಿಮಾನದ ಲೆಕ್ಕ ಸಂಬಂಧಪಡುತ್ತದೆ, ನಮ್ಮ ಜಿಲ್ಲೆಯಲ್ಲಂತೂ ಖಂಡಿತ.

ಯಾಕೆ ಅಂತ ಹೇಳ್ತೇನೆ. ಅಂಕೋಲಾ ತಾಲೂಕಿನ ಅಲಗೇರಿ ಕಡೆ ನಾಗರಿಕ ವಿಮಾನ ನಿಲ್ದಾಣಕ್ಕೆ ಅಂತ ಜಮೀನು ಸ್ವಾಧೀನದ ಮಾತು ಶುರುವಾಗಿ ವರ್ಷಗಳೇ ಆದವು. ಆ ಭಾಗದ ಜನ ಇದೇ ಮೊದಲ ಸಲ ಎದ್ದು ಹೋಗುತ್ತಿಲ್ಲ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಆಯಿತು, 2005ರಲ್ಲಿ ಐಎನ್ಎಸ್ ಕದಂಬ ಕಾರ್ಯಾರಂಭ ಮಾಡಿತು. ನಡುವಿನ ಹತ್ತೊಂಬತ್ತು ವರ್ಷ ಕಾರವಾರ-ಅಂಕೋಲಾದ ಸಾವಿರಾರು ಕುಟುಂಬ ಪರಿಹಾರದ ಫೈಲು ಹಿಡಿದು ಓಡಾಡಿದ್ದು ಈ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಪರಿಹಾರ ಬರುವುದು ಪಹಣಿ ನೋಡಿ. ಪಹಣಿಯಲ್ಲಿ ಹೆಸರಿಲ್ಲದ, ಇನ್ನೊಬ್ಬರ ಗದ್ದೆಯಲ್ಲಿ ನಟ್ಟಿ ಮಾಡಿ ಬದುಕುವ ಮುಕ್ರಿ, ಆಗೇರ, ಹಳ್ಳೇರ ಮನೆಗಳಿಗೆ ಗದ್ದೆ ಹೋದರೆ ಕೂಲಿಯೂ ಹೋಯಿತು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಮೂರು ವರ್ಷದಿಂದ ಅದೇ ನೆಲದಲ್ಲಿ ದುಡಿದು ಬದುಕುತ್ತಿದ್ದ ಕೂಲಿ ಕುಟುಂಬವನ್ನೂ ಬಾಧಿತ ಕುಟುಂಬ ಅಂತ ಬರೆದಿದ್ದಾರೆ. ಕಾಯ್ದೆಯಲ್ಲಿ ಬರೆದದ್ದು ಸರ್ವೆ ಮಾಡಲು ಬಂದವರ ಪುಸ್ತಕಕ್ಕೆ ಇಳಿಯುವಂತೆ ನೋಡಿಕೊಳ್ಳೋದು ನಮ್ಮ ಕೆಲಸ.

ಇನ್ನೊಂದು, ದುಡ್ಡು. ಸಣ್ಣ ವಿಮಾನ ಕಂಪನಿಗಳು ತಮ್ಮ ಕಿಸೆಯಿಂದಲೇ ಹಾರುತ್ತವೆ ಅಂತ ತಿಳಿಯಬೇಡಿ. 'ಉಡಾನ್' ಯೋಜನೆ 2016ರಲ್ಲಿ ಬಂತು, ಮೊದಲ ವಿಮಾನ 2017ರ ಏಪ್ರಿಲ್‌ನಲ್ಲಿ ಶಿಮ್ಲಾದಿಂದ ದಿಲ್ಲಿಗೆ ಹಾರಿತು. ಹವಾಯಿ ಚಪ್ಪಲಿ ಹಾಕಿದವನೂ ಹವಾಯಿ ಜಹಾಜ್ ಹತ್ತಬೇಕು ಅಂತ ಪ್ರಧಾನಿ ಹೇಳಿದ್ದು ನಿಮಗೆಲ್ಲ ನೆನಪಿರಬೇಕು. ಯೋಜನೆ ಕೆಲಸ ಮಾಡುವ ರೀತಿ ಹೀಗೆ: ಸುಮಾರು ಅರ್ಧದಷ್ಟು ಸೀಟನ್ನು ಕಂಪನಿ ಕಡಿಮೆ ದರಕ್ಕೆ ಕೊಡಬೇಕು, ಒಂದು ತಾಸಿನ ಹಾರಾಟಕ್ಕೆ ಶುರುವಿನಲ್ಲಿ 2,500 ರೂಪಾಯಿ ಮಿತಿ ಇತ್ತು. ಅದರಿಂದ ಆಗುವ ನಷ್ಟವನ್ನು ಸರ್ಕಾರ ತುಂಬಿ ಕೊಡುತ್ತದೆ. ಈ ಹಣಕ್ಕಾಗಿ ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ಲೆವಿ ಹಾಕುತ್ತಾರೆ, ರಾಜ್ಯ ಸರ್ಕಾರವೂ ಪಾಲು ಕೊಡುತ್ತದೆ. ಮೂರು ವರ್ಷ ಆ ಮಾರ್ಗದಲ್ಲಿ ಬೇರೆಯವರು ಯೋಜನೆಯಡಿ ಪೈಪೋಟಿಗೆ ಬರುವ ಹಾಗಿಲ್ಲ.

ಇಷ್ಟೆಲ್ಲ ಕೊಟ್ಟೂ ಎಂತ ಆಯ್ತು? 2023ರ ಸಿಎಜಿ ವರದಿ ನೋಡಿ. ಯೋಜನೆಯ ಮೂರನೇ ಸುತ್ತಿನ ತನಕ ಹಂಚಿದ್ದು 774 ಮಾರ್ಗ. ಅದರಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನ ನಿಂತ ಮೇಲೂ 2023ರ ಮಾರ್ಚ್ ತನಕ ಉಳಿದದ್ದು 54. ನಮ್ಮ ರಾಜ್ಯದಲ್ಲೇ ಬೀದರಿಗೆ 2020ರಲ್ಲಿ ಟ್ರೂಜೆಟ್ ಬಂತು, 2022ರಲ್ಲಿ ಆ ಕಂಪನಿಯೇ ಹಾರಾಟ ನಿಲ್ಲಿಸಿತು, ಆಮೇಲೆ ಸ್ಟಾರ್ ಏರ್ ಬಂತು. ನಿಲ್ದಾಣ ಹಾಗೇ ಇರುತ್ತದೆ, ಬೋರ್ಡು ಬದಲಾಗುತ್ತಾ ಇರುತ್ತದೆ.

ಸಣ್ಣವು ಯಾಕೆ ಸಾಯುತ್ತವೆ ಅನ್ನೋದಕ್ಕೆ ದೊಡ್ಡ ಅರ್ಥಶಾಸ್ತ್ರ ಬೇಡ, ನಮ್ಮ ಟೆಂಪೋ ಸ್ಟ್ಯಾಂಡಿಗೆ ಬನ್ನಿ. ಒಂದೇ ಟೆಂಪೋ ಇರುವ ಮಾಲೀಕನ ಗಾಡಿ ಗೇರ್‌ಬಾಕ್ಸ್ ಹೋಗಿ ಗ್ಯಾರೇಜು ಸೇರಿದರೆ ಅವನ ಆ ವಾರದ ದುಡಿಮೆ ಸೊನ್ನೆ, ಸಾಲದ ಕಂತು ಮಾತ್ರ ನಿಲ್ಲೋದಿಲ್ಲ. ಎರಡು-ಮೂರು ವಿಮಾನದ ಕಂಪನಿಯ ಕಥೆಯೂ ಅದೇ. ಒಂದು ವಿಮಾನ ರಿಪೇರಿಗೆ ನಿಂತರೆ ಅವತ್ತಿನ ಅರ್ಧ ವೇಳಾಪಟ್ಟಿ ಬಿತ್ತು. ಬಾಡಿಗೆ ಕಟ್ಟೋದು ಡಾಲರಿನಲ್ಲಿ, ಟಿಕೆಟ್ ಮಾರೋದು ರೂಪಾಯಿಯಲ್ಲಿ. ಇಂಧನದ ಬೆಲೆ ಅವರ ಕೈಲಿಲ್ಲ. ಬೆಂಗಳೂರು, ಮುಂಬೈಯಂಥ ಕಡೆ ಒಳ್ಳೆ ಹೊತ್ತಿನ ಸ್ಲಾಟ್ ದೊಡ್ಡವರ ಕೈಲಿ. ಜನಕ್ಕೆ ಹೆಸರೇ ಗೊತ್ತಿಲ್ಲದ ಕಂಪನಿಯ ಟಿಕೆಟ್ ತೆಗೆಯೋಕೆ ಹೆದರಿಕೆ, ನಾಳೆ ಹಾರ್ತದೋ ಇಲ್ಲವೋ ಅಂತ. ಭಟ್ಕಳದಿಂದ ದುಬೈಗೆ ಹೋಗುವ ಹುಡುಗ ಮಂಗಳೂರಿಗೋ ಗೋವಾಕ್ಕೋ ರಸ್ತೆಯಲ್ಲೇ ಹೋಗ್ತಾನೆ. ನಡುವೆ ಒಂದು ಸಣ್ಣ ವಿಮಾನ ನಂಬಿ, ಅದು ತಡವಾಗಿ, ಮುಂದಿನ ದೊಡ್ಡ ವಿಮಾನ ತಪ್ಪಿದರೆ ಆ ನಷ್ಟಕ್ಕೆ ಯಾರು ಹೊಣೆ? ಎರಡು ಬೇರೆ ಬೇರೆ ಟಿಕೆಟ್ ಆದರೆ ಯಾರೂ ಅಲ್ಲ.

ಈ ಕಾರಣಕ್ಕೆ ಒಂದಾಗಿ ಅನ್ನುವ ಮಾತಿನಲ್ಲಿ ತೂಕ ಇದೆ. ಒಂದೇ ಬುಕಿಂಗ್, ಒಂದೇ ಕೌಂಟರ್, ಬಿಡಿಭಾಗಕ್ಕೆ ಒಂದೇ ಗೋದಾಮು, ಒಬ್ಬರದ್ದು ಕೆಟ್ಟರೆ ಇನ್ನೊಬ್ಬರದ್ದು. (ಈ ಕೊನೆಯದು ಹೇಳಿದಷ್ಟು ಸುಲಭ ಇಲ್ಲ. ಹಾರಿಸುವ ಪರವಾನಗಿ ಡಿಜಿಸಿಎಯಿಂದ ಒಂದೊಂದು ಕಂಪನಿಗೆ ಬೇರೆ ಬೇರೆ ಸಿಗೋದು. ಹೆಸರು ಒಂದೇ ಬಳಿದ ಮಾತ್ರಕ್ಕೆ ಇವರ ಪೈಲಟ್ ಅವರ ವಿಮಾನ ತಗೊಂಡು ಹೋಗೋಕಾಗೋದಿಲ್ಲ.)

ನಮ್ಮ ಕರಾವಳಿಯ ಟೆಂಪೋಗಳದ್ದೇ ನೋಡಿ. ಭಟ್ಕಳ-ಹೊನ್ನಾವರ, ಹೊನ್ನಾವರ-ಕುಮಟಾ ಓಡುವ ಗಾಡಿಗಳ ಗ್ಲಾಸಿನ ಮೇಲೆ ಒಂದೊಂದಕ್ಕೆ ಒಂದೊಂದು ಹೆಸರು. ದೇವರ ಹೆಸರು, ಮಗಳ ಹೆಸರು, ದರ್ಗಾದ ಹೆಸರು. ಮಂಕಿಯಲ್ಲಿ ನಿಂತ ಮೀನಿನ ಬುಟ್ಟಿಯ ಹೆಂಗಸು ಅದನ್ನೆಲ್ಲ ಓದಿ ಹತ್ತುವುದಿಲ್ಲ. ಅವಳಿಗೆ ಅದು 'ಟೆಂಪೋ', ಅಷ್ಟೇ. ಪಾಳಿ ಪ್ರಕಾರ ಬಿಡುತ್ತಾರೆ, ದರ ಒಂದೇ, ಒಬ್ಬರ ಗಾಡಿ ಕೆಟ್ಟರೆ ಜನರನ್ನು ಹಿಂದಿನದಕ್ಕೆ ಹತ್ತಿಸುತ್ತಾರೆ. ಬ್ರ್ಯಾಂಡ್ ಅನ್ನುವ ಶಬ್ದ ಕೇಳದೆಯೇ ನಮ್ಮವರು ಮಾಡಿಕೊಂಡ ಬ್ರ್ಯಾಂಡ್ ಅದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರು ಸರ್ಕಾರಿ ಬಸ್ಸಿಗೆ ಹೋದ ಮೇಲೆ ಟೆಂಪೋದವರ ಗೋಳು ಬೇರೆ. ಆದರೆ ಆ ಉಚಿತ ಟಿಕೆಟ್ ಸಿಕ್ಕಿದ್ದು ನಮ್ಮ ತಾಯಂದಿರಿಗೇ. ನಾನು ಶಕ್ತಿಯ ಪರ, ಟೆಂಪೋದವರು ನನ್ನನ್ನು ಬೈದರೂ ಸರಿ.

ಆದರೆ ಟೆಂಪೋ ಡ್ರೈವರ್ ಯಾರು, ಮಾಲೀಕ ಯಾರು ಅಂತ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಗೊತ್ತು. ಏನಾದರೂ ಆದರೆ ಯಾರ ಮನೆ ಬಾಗಿಲು ಬಡಿಯಬೇಕು ಅಂತ ಗೊತ್ತು. ವಿಮಾನದ ಬ್ರ್ಯಾಂಡ್ ಹಂಚಿಕೊಂಡಾಗ ಮೊದಲು ಮಾಯವಾಗುವುದೇ ಈ ಬಾಗಿಲು.

ಇದು ನನ್ನ ಊಹೆ ಅಲ್ಲ. ಅಮೆರಿಕದಲ್ಲಿ ಈ ಪದ್ಧತಿ ಹಳೆಯದು. ದೊಡ್ಡ ಕಂಪನಿ ತನ್ನ ಹೆಸರು, ಬಣ್ಣ, ಟಿಕೆಟ್ ಕೊಡುತ್ತದೆ, ಸಣ್ಣ ಊರುಗಳಿಗೆ ಹಾರಿಸುವುದು ಕಡಿಮೆ ಖರ್ಚಿನ ಬೇರೊಂದು ಸಣ್ಣ ಕಂಪನಿ. 2009ರ ಫೆಬ್ರವರಿ 12ರ ರಾತ್ರಿ ನ್ಯೂಯಾರ್ಕ್ ರಾಜ್ಯದ ಬಫೆಲೋ ಊರಿನ ಹತ್ತಿರ ಒಂದು ವಿಮಾನ ಮನೆಯೊಂದರ ಮೇಲೆ ಬಿತ್ತು. ಒಳಗಿದ್ದ 49 ಜನ, ಮನೆಯಲ್ಲಿದ್ದ ಒಬ್ಬರು, ಒಟ್ಟು 50 ಸಾವು. ಟಿಕೆಟ್ ಮೇಲೆ ಇದ್ದದ್ದು 'ಕಾಂಟಿನೆಂಟಲ್ ಕನೆಕ್ಷನ್'. ಹಾರಿಸುತ್ತಿದ್ದದ್ದು ಕೋಲ್ಗನ್ ಏರ್. ಸ್ಟಾಲ್ ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಅಪಘಾತಕ್ಕೆ ಕಾರಣ ಅಂತ ತನಿಖೆ ಹೇಳಿತು. ಆದರೆ ತನಿಖೆಯಲ್ಲಿ ಇನ್ನೂ ಕೆಲವು ಸಂಗತಿ ಹೊರಬಂದವು. ಸಹಪೈಲಟ್ ಆಗಿದ್ದ ಯುವತಿಯ ವರ್ಷದ ಸಂಬಳ ಸುಮಾರು 16 ಸಾವಿರ ಡಾಲರ್. ಆ ದೇಶದಲ್ಲಿ ಅದು ಎಂತಕ್ಕೂ ಸಾಲದ ದುಡ್ಡು. ಕೆಲಸದ ಊರಿನಲ್ಲಿ ಮನೆ ಮಾಡುವ ಶಕ್ತಿ ಇಲ್ಲದೆ ಅಪ್ಪ-ಅಮ್ಮನ ಜೊತೆ ಇದ್ದಳು. ದೇಶದ ಆ ತುದಿಯ ಸಿಯಾಟಲ್‌ನಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಡ್ಯೂಟಿಗೆ ಬಂದಿದ್ದಳು. ಸತ್ತವರ ಕುಟುಂಬಗಳು ಬಿಡದೆ ಹೋರಾಡಿದ ಮೇಲೆ 2010ರಲ್ಲಿ ಕಾನೂನು ಬಂತು: ಪೈಲಟ್ ಅರ್ಹತೆ ಬಿಗಿಯಾಯಿತು, ವೆಬ್‌ಸೈಟಿನಲ್ಲಿ ಟಿಕೆಟ್ ಮಾರುವಾಗ ನಿಜವಾಗಿ ಹಾರಿಸುವ ಕಂಪನಿ ಯಾವುದು ಅಂತ ಮೊದಲೇ ತೋರಿಸಬೇಕಾಯಿತು. ಐವತ್ತು ಜನ ಸತ್ತ ಮೇಲೆ, ಒಂದು ಸಾಲು ಅಕ್ಷರಕ್ಕಾಗಿ ಹೋರಾಟ.

ಇದನ್ನು ಓದಿದಾಗ ನನಗೆ ನೆನಪಾದದ್ದು ಅಕ್ಕನ ಮಗ. ಪಿಯುಸಿ ಮುಗಿಸಿ, ಒಂದು ದೊಡ್ಡ ವಿಮಾನ ನಿಲ್ದಾಣದಲ್ಲಿ ಲಗೇಜು ಹೊರುವ ಕೆಲಸಕ್ಕೆ ಸೇರಿದ. ಯಾವ ನಿಲ್ದಾಣ, ಯಾವ ಕಂಪನಿ ಅಂತ ಬರೆಯೋದಿಲ್ಲ. ಅಂವ ಈಗಲೂ ಅದೇ ಸಾಲಿನಲ್ಲಿ ದುಡೀಬೇಕು. ಮೊದಲ ತಿಂಗಳು ಯೂನಿಫಾರ್ಮ್ ಹಾಕಿಕೊಂಡ ಫೋಟೋ ಕಳಿಸಿದ್ದ. ಎದೆ ಮೇಲೆ ವಿಮಾನ ಕಂಪನಿಯ ಹೆಸರು, ಕತ್ತಿನಲ್ಲಿ ಪಾಸು. ಅಕ್ಕ ಆ ಫೋಟೋ ಕೇರಿಯಲ್ಲಿ ಎಲ್ಲರಿಗೂ ತೋರಿಸಿದಳು. "ನನ್ ಮಗ ಇಮಾನ ಕಂಪ್ನಿಲಿದ್ದ" ಅಂತ ಅವಳು ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀವು. ಏಳನೇ ತಿಂಗಳು ಬೆನ್ನು ಹಿಡಿದುಕೊಂಡು ಹತ್ತು ದಿನ ರಜೆ ಹಾಕಿದ. ಸಂಬಳ ಕಟ್. ಕೇಳಲಿಕ್ಕೆ ಹೋದರೆ ಎದೆ ಮೇಲಿನ ಹೆಸರಿನವರು "ನೀನು ನಮ್ಮವನಲ್ಲ, ಏಜೆನ್ಸಿಯವನು" ಅಂದರು. ಏಜೆನ್ಸಿಯವರು "ನಾವು ಜನ ಕಳಿಸೋದಷ್ಟೇ, ರಜೆ-ಗಿಜೆ ಅವರನ್ನೇ ಕೇಳು" ಅಂದರು. ಪಿಎಫ್ ಚೀಟಿ ತೆಗೆಸಿ ನೋಡಿದರೆ ಅದರಲ್ಲಿ ಮೂರನೆಯ ಒಂದು ಹೆಸರು! "ಮಾವ, ಇದ್ಯಾರು?" ಅಂತ ನನ್ನನ್ನು ಕೇಳಿದ. ನನಗೇನು ಗೊತ್ತು. ಕೊನೆಗೆ ಕಾರ್ಮಿಕ ಇಲಾಖೆಗೆ ಅರ್ಜಿ ಬರೆಯುವಾಗ 'ಎದುರುದಾರರು' ಅನ್ನುವ ಜಾಗದಲ್ಲಿ ಯಾರ ಹೆಸರು ಬರೆಯೋದು ಅಂತ ನಾವಿಬ್ಬರೂ ಅರ್ಧ ದಿನ ಕೂತೆವು. ಮೂರೂ ಬರೆದೆವು.

ಪೌರಕಾರ್ಮಿಕರ ಹೋರಾಟದಲ್ಲಿದ್ದವರಿಗೆ ಇದು ಹೊಸ ಕಥೆ ಅಲ್ಲ. ಜಾಕೆಟ್ ಮೇಲೆ ಪುರಸಭೆ, ಗಾಡಿ ಮೇಲೆ ಪುರಸಭೆ, ಸಂಬಳ ಕೊಡೋದು ಮಾತ್ರ ಗುತ್ತಿಗೆದಾರ. 2017ರಲ್ಲಿ ಗುತ್ತಿಗೆ ಬಿಟ್ಟು ನೇರ ಪಾವತಿಗೆ ಬಂದದ್ದು, 2022ರ ಜುಲೈ ಮುಷ್ಕರದ ನಂತರ ಕಾಯಂ ಮಾಡುವ ಮಾತು ಸರ್ಕಾರದ ಬಾಯಿಂದ ಹೊರಟದ್ದು, ಅದರ ಹಿಂದೆ ಎಷ್ಟು ಹೆಂಗಸರು ಪೊರಕೆ ಕೆಳಗಿಟ್ಟು ರಸ್ತೆಯಲ್ಲಿ ಕೂತರು ನಿಮಗೆ ಗೊತ್ತು. ಹೆಸರು ಒಬ್ಬರದ್ದು, ಹೊಣೆ ಇನ್ನೊಬ್ಬರದ್ದು ಅನ್ನುವ ವ್ಯವಸ್ಥೆಯನ್ನು ಮುರಿಯಲಿಕ್ಕೆ ನಮಗೆ ಇಷ್ಟು ವರ್ಷ ಹಿಡಿದಿದೆ. ಅದೇ ವ್ಯವಸ್ಥೆ ಬಣ್ಣ ಬಳಿದುಕೊಂಡು ಆಕಾಶಕ್ಕೆ ಹೋದರೆ ಚಪ್ಪಾಳೆ ಹೊಡೀಬೇಕಾ?

ಹೆಸರು ನುಂಗುವ ಕಥೆಯೂ ನಮ್ಮ ರಾಜ್ಯದ್ದೇ ಇದೆ. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಆರ್.ಕೆ. ಲಕ್ಷ್ಮಣರ 'ಸಾಮಾನ್ಯ ಮನುಷ್ಯ' ಅದರ ಗುರುತಾಗಿತ್ತು. ಹುಬ್ಬಳ್ಳಿಯಂಥ ಊರುಗಳಿಗೆ ಕಡಿಮೆ ದರದಲ್ಲಿ ವಿಮಾನ ತಂದದ್ದು ಅದೇ, ಅದನ್ನು ಒಪ್ಪಲೇಬೇಕು. ನಷ್ಟ ಹೆಚ್ಚಾಗಿ 2007ರಲ್ಲಿ ಕಿಂಗ್‌ಫಿಷರ್ ಜೊತೆ ಸೇರಿತು. ಮುಂದಿನ ವರ್ಷ ಡೆಕ್ಕನ್ ಅನ್ನುವ ಹೆಸರು ಅಳಿಸಿ 'ಕಿಂಗ್‌ಫಿಷರ್ ರೆಡ್' ಆಯಿತು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರೇ ನೆಲ ಹಿಡಿಯಿತು, ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಇಲ್ಲ. ಸೇರುವಾಗ ಯಾರೂ ನುಂಗುತ್ತೇವೆ ಅಂತ ಹೇಳಿ ಸೇರುವುದಿಲ್ಲ.

ಈಗ ನನಗೆ ಮುಖ್ಯ ಅನಿಸಿದ ಮಾತಿಗೆ ಬರ್ತೇನೆ. ಭಾರತದಲ್ಲಿ ಸಣ್ಣ ವಿಮಾನ ಕಂಪನಿಗಳು ಒಂದೇ ಹೆಸರಿನ ಕೆಳಗೆ ಬಂದದ್ದು ಹಿಂದೆ ಒಮ್ಮೆ ನಡೆದುಹೋಗಿದೆ. 1953ರಲ್ಲಿ ಏರ್ ಕಾರ್ಪೊರೇಷನ್ ಕಾಯ್ದೆ ಬಂದು ಡೆಕ್ಕನ್ ಏರ್‌ವೇಸ್, ಕಳಿಂಗ ಏರ್‌ಲೈನ್ಸ್, ಭಾರತ್ ಏರ್‌ವೇಸ್, ಹಿಮಾಲಯನ್ ಏವಿಯೇಷನ್ ಮುಂತಾಗಿ ಎಂಟು ಕಂಪನಿ ಸೇರಿ ಇಂಡಿಯನ್ ಏರ್‌ಲೈನ್ಸ್ ಆಯಿತು. ಆಗಲೂ ಕಾರಣ ಇದೇ. ಒಂದೊಂದಾಗಿ ನಷ್ಟದಲ್ಲಿದ್ದವು, ಹಳೇ ಡಕೋಟಾ ವಿಮಾನ ಇಟ್ಟುಕೊಂಡು ಒಬ್ಬರನ್ನೊಬ್ಬರು ಕಚ್ಚಾಡುತ್ತಿದ್ದವು. ವ್ಯತ್ಯಾಸ ಏನೆಂದರೆ ಆಗ ಒಂದಾದದ್ದು ಹೆಸರು ಮಾತ್ರ ಅಲ್ಲ, ಒಡೆತನವೂ. ಒಡೆತನ ಸರ್ಕಾರದ್ದು ಆದದ್ದರಿಂದ ಮುಂದೆ ಅಲ್ಲಿ ಮೀಸಲಾತಿ ಬಂತು. ಪರಿಶಿಷ್ಟ ಜಾತಿಯ ಹುಡುಗ ಹುಡುಗಿಯರು ಇಂಜಿನಿಯರಾಗಿ, ಗಗನಸಖಿಯಾಗಿ, ಲೆಕ್ಕಪತ್ರ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು. ಆ ಸಂಸ್ಥೆ ಭ್ರಷ್ಟಾಚಾರ, ಸೋಮಾರಿತನದಲ್ಲಿ ಮುಳುಗಿತು ಅಂತ ಬೈಯುವವರು ಬೈಯಲಿ, ಅದರಲ್ಲಿ ನಿಜವೂ ಇದೆ. ಆದರೆ 2022ರ ಜನವರಿ 27ರಂದು ಏರ್ ಇಂಡಿಯಾ ಟಾಟಾ ಕೈಗೆ ಹೋದಾಗ ಪತ್ರಿಕೆಗಳೆಲ್ಲ 'ಮನೆಗೆ ಮರಳಿದ ಮಹಾರಾಜ' ಅಂತ ಸಂಭ್ರಮಿಸುತ್ತಿದ್ದವು. ಮುಂದಿನ ನೇಮಕಾತಿಗೆ ಮೀಸಲಾತಿ ಅನ್ವಯಿಸುವುದಿಲ್ಲ ಅನ್ನುವ ಮಾತು ಎಷ್ಟು ಪತ್ರಿಕೆಯ ಮುಖಪುಟದಲ್ಲಿ ನೋಡಿದಿರಿ? ಸಣ್ಣ ಊರುಗಳಿಗೆ ಎಟಿಆರ್ ವಿಮಾನ ಹಾರಿಸುವ ಅಲಯನ್ಸ್ ಏರ್ ಮಾತ್ರ ಆ ಮಾರಾಟದಲ್ಲಿ ಹೋಗದೆ ಸರ್ಕಾರದ ಬಳಿ ಉಳಿಯಿತು. ಹುಡುಗ ಕೇಳಿದ 'ಒಂದೇ ಹೆಸರಿಗೆ' ಹೊಸ ಹೆಸರು ಹುಡುಕುವ ಅಗತ್ಯ ಏನಿದೆ? ಸಾರ್ವಜನಿಕ ಕಂಪನಿಯೊಂದು ಇದ್ದೇ ಇದೆಯಲ್ಲ.

ಸರ್ಕಾರದ ಒಡೆತನ ಮಾತ್ರವೇ ದಾರಿ ಅಂತಲೂ ನಾನು ಹಟ ಹಿಡಿಯೋದಿಲ್ಲ. ಘಟ್ಟದ ಮೇಲೆ ಕೊಪ್ಪದ 'ಸಹಕಾರ ಸಾರಿಗೆ' ನೆನಪು ಮಾಡಿಕೊಳ್ಳಿ. 1991ರಲ್ಲಿ ಶಂಕರ್ ಕಂಪನಿಯ ಬಸ್ ಕಾರ್ಮಿಕರು ಮಾಲೀಕರ ಜೊತೆಗಿನ ಜಗಳದ ಕೊನೆಗೆ ತಾವೇ ಸಹಕಾರ ಸಂಘ ಮಾಡಿ ಬಸ್ ಓಡಿಸಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು, ಇವರೇ ಷೇರುದಾರರು. ಬೆರಳೆಣಿಕೆಯ ಬಸ್ಸಿನಿಂದ ಎಪ್ಪತ್ತರ ಆಸುಪಾಸಿಗೆ ಬೆಳೆಯಿತು, ಸುಮಾರು 300 ಕುಟುಂಬ ಊಟ ಮಾಡಿತು, ಮಲೆನಾಡಿನ ಸಂದುಗೊಂದಿನ ಊರಿಗೂ ಬಸ್ ಹೋಯಿತು. 2020ರ ಫೆಬ್ರವರಿಯಲ್ಲಿ ನಿಂತುಹೋಯಿತು. ಡೀಸೆಲ್, ವಿಮೆ, ತೆರಿಗೆ ಏರುತ್ತಾ ಹೋಯಿತು, ಪ್ರಯಾಣಿಕರು ಕಡಿಮೆಯಾದರು, ಸರ್ಕಾರ ಕೈ ಹಿಡಿಯಲಿಲ್ಲ. ಹಾರದೇ ಹೋದ ನಾನೂರು ಮಾರ್ಗಗಳ ಯೋಜನೆಗೆ ದುಡ್ಡು ತೆಗೆದಿಡುವ ದೇಶಕ್ಕೆ ಮೂರು ದಶಕ ಓಡಿದ ಕಾರ್ಮಿಕರ ಬಸ್ಸಿಗೆ ತೆರಿಗೆ ಬಿಡಲಿಕ್ಕೆ ಮನಸ್ಸಾಗಲಿಲ್ಲ. ನನಗೆ ಇವತ್ತಿಗೂ ಇದು ಸಿಟ್ಟು ತರಿಸುವ ವಿಷಯ.

'ನಂದಿನಿ' ಇನ್ನೊಂದು ಉದಾಹರಣೆ. ಹಾಲು ಒಕ್ಕೂಟಗಳು ಬೇರೆ ಬೇರೆ, ಪ್ಯಾಕೆಟ್ ಮೇಲಿನ ಹೆಸರು ಒಂದೇ. ನಮ್ಮ ಜಿಲ್ಲೆಯ ಹಾಲು ಧಾರವಾಡದ ಒಕ್ಕೂಟಕ್ಕೆ ಸೇರಿದ್ದು. ಹೆಸರು ಹಂಚಿಕೊಂಡರೂ ಹಳ್ಳಿಯ ಸಂಘದಲ್ಲಿ ಸದಸ್ಯನಿಗೆ ಒಂದು ಓಟು ಉಳಿದಿದೆ, ಆಡಳಿತ ಮಂಡಳಿಯಲ್ಲಿ ಮೀಸಲು ಸ್ಥಾನ ಇದೆ. ಹಾಗಂತ ಅದನ್ನು ಹೊಗಳಿ ಸುಮ್ಮನಾಗೋಕೆ ಆಗೋದಿಲ್ಲ. ಎಷ್ಟು ಊರಿನ ಡೇರಿಯಲ್ಲಿ ಕೇರಿಯ ಹಾಲಿನ ಕ್ಯಾನು ಮುಟ್ಟಲು ಹಿಂದೆ ಮುಂದೆ ನೋಡ್ತಾರೆ ಅಂತ ನಮಗೇ ಗೊತ್ತು. ಒಂದೇ ಪ್ಯಾಕೆಟ್ಟಿಗೆ ಇಳಿದ ಮೇಲೆ ಹಾಲಿಗೆ ಜಾತಿ ಇಲ್ಲ, ಕ್ಯಾನಿಗೆ ಇದೆ. ಸಹಕಾರ ಅನ್ನುವ ಶಬ್ದ ಜಾತಿಯನ್ನು ತಾನಾಗಿಯೇ ತೊಳೆಯುವುದಿಲ್ಲ. ಆದರೆ ಓಟು ಕೈಲಿದ್ದರೆ ಜಗಳ ಮಾಡಲಿಕ್ಕೆ ಒಂದು ಜಾಗ ಇರುತ್ತದೆ, ಅಕ್ಕನ ಮಗನಿಗೆ ಆ ಜಾಗವೇ ಇರಲಿಲ್ಲ.

ಹಾಗಾಗಿ ಆ ಹುಡುಗನಿಗೆ ನನ್ನ ಉತ್ತರ: ಸೇರಲಿ ತಮ್ಮಾ, ಧಾರಾಳವಾಗಿ ಸೇರಲಿ. ಸಣ್ಣವರು ಒಂದಾಗದೆ ದೊಡ್ಡವರ ಎದುರು ಉಳಿಯೋದಿಲ್ಲ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ನಷ್ಟ ತುಂಬುವುದು ಸಾರ್ವಜನಿಕ ಹಣ ಆದಮೇಲೆ ಸಾರ್ವಜನಿಕರ ಷರತ್ತೂ ಇರಬೇಕು. ಸಹಾಯಧನ ತಿನ್ನುವ ಪ್ರತಿ ಕಂಪನಿಯೂ, ಅದು ಯಾವ ಹೆಸರಲ್ಲಾದರೂ ಹಾರಲಿ, ನೇಮಕಾತಿಯಲ್ಲಿ ಮೀಸಲಾತಿ ಪಾಲಿಸಬೇಕು. ಖಾಸಗಿ ಅನ್ನುವ ನೆಪ ಇಲ್ಲಿ ನಡೆಯಬಾರದು, ಯಾಕೆಂದರೆ ದುಡ್ಡು ಖಾಸಗಿ ಅಲ್ಲ. ಲಗೇಜು ಹೊರುವವರು, ಶೌಚಾಲಯ ತೊಳೆಯುವವರು, ಅಡುಗೆ ತುಂಬುವವರು ಎಲ್ಲರ ಸಂಬಳಕ್ಕೂ ಗಾಯಕ್ಕೂ ಬ್ರ್ಯಾಂಡಿನ ಹೆಸರು ಹಾಕಿಕೊಂಡವರೇ ಹೊಣೆ ಅಂತ ಒಪ್ಪಂದದಲ್ಲಿ ಬರೆಯಬೇಕು. ಹಾರಿಸುವವರ ಹೆಸರು ಟಿಕೆಟ್ ಮೇಲೆ ಬ್ರ್ಯಾಂಡಿನಷ್ಟೇ ದಪ್ಪ ಅಕ್ಷರದಲ್ಲಿ ಇರಲಿ, ಕನ್ನಡದಲ್ಲೂ ಇರಲಿ.

ಅಲಗೇರಿಯ ವಿಷಯಕ್ಕೆ ಬಂದರೆ, ಅಲ್ಲಿ ಯಾವ ಬ್ರ್ಯಾಂಡ್ ಇಳೀತದೆ ಅನ್ನೋದು ಆಮೇಲಿನ ಮಾತು. ಮೊದಲು ಪಹಣಿ ಇಲ್ಲದ ಕೂಲಿ ಮನೆಗಳ ಪಟ್ಟಿ ಆಗಬೇಕು. ಅಂಕೋಲಾ, ಕುಮಟಾ ಕಡೆಯ ಗೆಳೆಯರಲ್ಲಿ ಆ ಊರುಗಳ ಸಂಪರ್ಕ ಇರುವವರು ಮೆಸೇಜ್ ಮಾಡಿ. ಮೂರು ವರ್ಷ ಅದೇ ಗದ್ದೆಯಲ್ಲಿ ದುಡಿದದ್ದಕ್ಕೆ ಯಾವ ಯಾವ ದಾಖಲೆ ನಡೆಯುತ್ತದೆ, ರೇಷನ್ ಕಾರ್ಡು, ಉದ್ಯೋಗ ಖಾತರಿ ಕಾರ್ಡು, ಅಕ್ಕಪಕ್ಕದವರ ಹೇಳಿಕೆ ಸಾಕೋ ಅಂತ ಕಾನೂನು ಗೊತ್ತಿರುವ ಸಂಗಾತಿಗಳು ಕೆಳಗೆ ಬರೆಯಿರಿ. ಮುಂದಿನ ಸಭೆ ಹೊನ್ನಾವರದಲ್ಲಿ. ಪ್ರಶ್ನೆ ಕೇಳಿದ ಹುಡುಗನಿಗೆ ಸಿಎಜಿ ವರದಿಯ ಮುಖ್ಯ ಪುಟಗಳನ್ನು ಕನ್ನಡದಲ್ಲಿ ಬರೆದುಕೊಂಡು ಬಾ ಅಂತ ಹೇಳಿದ್ದೇನೆ, ಅಂವ ಒಪ್ಪಿದ್ದಾನೆ.

ಜೈ ಭೀಮ್.